ನಿಲ್ಲಿಸುವಾಗ ಲೋಡ್ ಏನಿತ್ತು?

ದೆವ್ವ, ಗಾಳಿ, ಶಕುನ ಇಂಥವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ ನಡುವೆ ಬಾಯಿ ಹಾಕಿ ಅವರ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಅಭ್ಯಾಸವಾಗಿತ್ತು. ಇದರಿಂದ ಒಂದಿಬ್ಬರು ನೆಂಟರು ಮಾತು ಬಿಟ್ಟದ್ದೂ ಉಂಟು. ನನ್ನ ಕಸುಬೇ ಹಾಗೆ. ಹಾಸನದಲ್ಲಿ ಮೋಟರ್ ವೈಂಡಿಂಗ್, ಜನರೇಟರ್ ರಿಪೇರಿಯ ಅಂಗಡಿ ಇಟ್ಟುಕೊಂಡು ತಲೆ ಬೆಳ್ಳಗಾಗಿದೆ. ಕರೆಂಟು ಕಾರಣವಿಲ್ಲದೆ ಬರುವುದಿಲ್ಲ, ಕಾರಣವಿಲ್ಲದೆ ಹೋಗುವುದೂ ಇಲ್ಲ. ಮೀಟರ್ ಹಿಡಿದು ತಾಳ್ಮೆಯಿಂದ ಹುಡುಕಿದರೆ ಕಾರಣ ಸಿಕ್ಕೇ ಸಿಗುತ್ತದೆ. ಈಗ ಹೇಳಹೊರಟಿರುವ ವಿಷಯದಲ್ಲಿ ಮಾತ್ರ ಹುಡುಕಿ ಹುಡುಕಿ ಸೋತಿದ್ದೇನೆ. ನೀವು ನಂಬಲೇಬೇಕೆಂದು ನನ್ನ ಒತ್ತಾಯವೇನೂ ಇಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇಷ್ಟು ಹೊತ್ತಿಗೆ ಎದ್ದು ಹೋಗಿರುತ್ತಿದ್ದೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಮುಂದಕ್ಕೆ ಬೇಕಾಗುತ್ತದೆ. ಜನರೇಟರಿನ ಹೊಟ್ಟೆಯ ಕಬ್ಬಿಣದಲ್ಲಿ ಒಂದಿಷ್ಟು ಅಯಸ್ಕಾಂತ ಶಕ್ತಿ ಉಳಿದಿರಬೇಕು. ಅದಿದ್ದರೆ ಮಾತ್ರ ಮುಂದಿನ ಸಲ ಚಾಲೂ ಮಾಡಿದಾಗ ಕರೆಂಟು ಹುಟ್ಟುತ್ತದೆ. ಲೋಡ್ ಆರಿಸದೆ, ಅಂದರೆ ಲೈಟು, ಮೋಟರು ಎಲ್ಲ ಓಡುತ್ತಿರುವಾಗಲೇ ಇಂಜಿನ್ ನಿಂತುಹೋದರೆ ಒಮ್ಮೊಮ್ಮೆ ಆ ಶಕ್ತಿ ಅಳಿಸಿಹೋಗುತ್ತದೆ. ಅಂಥ ಕೇಸು ಅಂಗಡಿಗೆ ಬಂದಾಗಲೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ: ನಿಲ್ಲಿಸುವಾಗ ಲೋಡ್ ಏನಿತ್ತು? ಗಿರಾಕಿ ಏನೂ ಇರಲಿಲ್ಲ ಎನ್ನುತ್ತಾನೆ. ಸುಳ್ಳು ಹೇಳಬೇಡಿ ಎನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಒಪ್ಪಿಕೊಳ್ಳುತ್ತಾನೆ.

ಇದು ನಡೆದು ಕೆಲವು ವರ್ಷಗಳಾದವು. ಕಾಫಿ ಹಣ್ಣು ಕೆಂಪಾಗುವ ಕಾಲ. ನನ್ನ ಅತ್ತೆ, ಎಂದರೆ ಹೆಂಡತಿ ಲಿಲ್ಲಿಯ ತಾಯಿ, ಆಗ ನಮ್ಮ ಮನೆಯಲ್ಲೇ ಇದ್ದರು. ಶ್ವಾಸಕೋಶ ಪೂರ್ತಿ ಸೋತಿತ್ತು. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮೆಷಿನ್ ಒಂದು ಸದಾ ಅವರ ಪಕ್ಕದಲ್ಲಿ ಓಡುತ್ತಿರಬೇಕಿತ್ತು. ಅದು ನಿಂತರೆ ಸ್ವಲ್ಪ ಹೊತ್ತಿಗೇ ತುಟಿ ನೀಲಿಯಾಗುತ್ತಿತ್ತು. ಬೇರೆಯವರ ಅತ್ತೆಯಂದಿರು ಕೊನೆಗಾಲದಲ್ಲಿ ವೇಲಾಂಕಣಿಗೆ ಹೋಗಬೇಕು ಎನ್ನುತ್ತಾರೆ. ನಮ್ಮ ಅತ್ತೆಗೆ ನೋಡಬೇಕಾಗಿದ್ದದ್ದು ಒಂದು ಇಂಜಿನ್ ಮನೆ. ಮಂಗಳೂರು ಕಡೆಯಿಂದ ಮದುವೆಯಾಗಿ ಅವರು ಬಂದು ಸೇರಿದ್ದು ಬಿಸಿಲೆ ಕಡೆಯ ಒಂದು ಎಸ್ಟೇಟಿಗೆ. ನನ್ನ ಮಾವ ಅಲ್ಲಿ ಡೀಸೆಲ್ ಇಂಜಿನ್ ಓಡಿಸುವ ಡ್ರೈವರ್ ಆಗಿದ್ದರು. ಹಣ್ಣಿನ ಸಿಪ್ಪೆ ಬಿಡಿಸಿ ಪಲ್ಪ್ ಮಾಡುವುದಕ್ಕೂ, ಕೂಲಿಯವರ ಲೈನ್ ಮನೆಗಳ ಲೈಟಿಗೂ ಅದೊಂದೇ ಇಂಜಿನ್.

ಪರಿಚಯದವರೊಬ್ಬರು ಪ್ರವಾಸಿಗಳಿಗೆ ಮೋಟರ್‌ಹೋಮ್ ಬಾಡಿಗೆಗೆ ಬಿಡುತ್ತಿದ್ದರು. ಮಂಚ, ಒಲೆ, ಹಿಂದಿನ ಡಬ್ಬಿಯಲ್ಲಿ ಪೆಟ್ರೋಲ್ ಜನರೇಟರ್ ಎಲ್ಲ ಇರುವ ದೊಡ್ಡ ವ್ಯಾನು. ಅದನ್ನು ಕೇಳಿ ತಂದೆ. ಜನರೇಟರನ್ನು ಅಂಗಡಿಯಲ್ಲಿ ಒಂದು ದಿನವಿಡೀ ಓಡಿಸಿ ನೋಡಿದೆ. ವೋಲ್ಟೇಜ್ 228, ಅಲುಗಾಡಲಿಲ್ಲ. ಆಪತ್ತಿಗಿರಲಿ ಎಂದು ಒಂದು ಸಣ್ಣ ಆಕ್ಸಿಜನ್ ಸಿಲಿಂಡರನ್ನೂ ಇಟ್ಟುಕೊಂಡು ಹೊರಟೆವು. ಆಲೂರು, ಸಕಲೇಶಪುರ ದಾಟಿ ಎಸ್ಟೇಟ್ ಸೇರುವವರೆಗೂ ಮೆಷಿನ್ ತಕರಾರಿಲ್ಲದೆ ಓಡಿತು.

ಎಸ್ಟೇಟ್ ಈಗ ಬೇರೆಯವರ ಕೈಯಲ್ಲಿದೆ. ಹಳೆಯ ಕಣದ ಕಡೆ ಯಾರೂ ಬರುವುದಿಲ್ಲ. ವಾಚರ್ ಸೋಮಣ್ಣ ಗೇಟಿನಲ್ಲೇ ನಮ್ಮನ್ನು ಒಳಗೆ ಬಿಟ್ಟು ತನ್ನ ಕೆಲಸಕ್ಕೆ ಹೋದ. ಕಾಫಿ ಒಣಗಿಸುತ್ತಿದ್ದ ಆ ಕಣದಲ್ಲಿ ವ್ಯಾನ್ ನಿಲ್ಲಿಸಿದಾಗ ಊಟದ ಹೊತ್ತು ಮೀರಿತ್ತು. ಇಂಜಿನ್ ಮನೆಗೆ ಗೋಡೆ ಇತ್ತು, ಸೂರಿರಲಿಲ್ಲ. ಅತ್ತೆ ಕಿಟಕಿಯಿಂದ ಅದನ್ನು ನೋಡುತ್ತ ಕೂತರು. ಜನರೇಟರಿಗೆ ವಿರಾಮ ಕೊಡೋಣ ಎಂದು ಅವರನ್ನು ಸಿಲಿಂಡರಿಗೆ ಹಾಕಿ, ಮೆಷಿನ್ ಆರಿಸಿ, ಜನರೇಟರ್ ನಿಲ್ಲಿಸಿದೆ. ಮಂಜು ಇಳಿಯತೊಡಗಿತು.

ಹೊರಡೋಣ ಎನ್ನುವಷ್ಟರಲ್ಲಿ ಸೋಮಣ್ಣನ ಫೋನ್ ಬಂತು. ರಸ್ತೆಯ ತಿರುವಿನಲ್ಲಿ ಮರಿ ಸಮೇತ ಆನೆಗಳ ಹಿಂಡು ನಿಂತಿದೆ, ಅರಣ್ಯದವರು ಗಾಡಿ ಬಿಡುತ್ತಿಲ್ಲ, ಹೇಳುವವರೆಗೂ ಅಲ್ಲಾಡಬೇಡಿ ಎಂದ. ಈ ಸೀಮೆಯಲ್ಲಿ ಇದು ಹೊಸದೇನಲ್ಲ, ಕಾಯಬೇಕು ಅಷ್ಟೆ. ಆದರೆ ಸಿಲಿಂಡರಿನ ಮುಳ್ಳು ಆಗಲೇ ಅರ್ಧದ ಕೆಳಗಿತ್ತು. ಜನರೇಟರ್ ಚಾಲೂ ಮಾಡಿದೆ. ಕೆಳಗಿನ ಇಳಿಜಾರಿನಲ್ಲಿ ಒಂದು ಹಳದಿ ಲೈಟು ಮಂಕಾಗಿ ಉರಿಯುತ್ತಿದ್ದದ್ದು ಕಾಣಿಸಿತು, ಯಾರದೋ ಮನೆ ಇರಬೇಕು ಎಂದುಕೊಂಡೆ. ಮೆಷಿನ್ ಕೀ ಕೀ ಎಂದು ಕಿರುಚಿ ನಿಂತುಬಿಟ್ಟಿತು. ಮೀಟರ್ ಇಟ್ಟೆ. 150.

ಆಗ ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಮೆಷಿನ್ನಿನ ಪ್ಲಗ್ ಕಿತ್ತೆ, ವ್ಯಾನಿನ ಮೇನ್ ಸ್ವಿಚ್ಚನ್ನೇ ಆರಿಸಿದೆ. ಈಗ ಜನರೇಟರಿಗೆ ಯಾವ ಲೋಡೂ ಇರಲಿಲ್ಲ. ಆದರೂ 150. ಇಂಜಿನ್ನಿನ ವೇಗ ಸರಿಯಾಗಿತ್ತು. ಏರ್ ಫಿಲ್ಟರ್ ತೆಗೆದು ನೋಡಿದೆ. ಕಾರ್ಬನ್ ಬ್ರಷ್ ಉಜ್ಜಿ ಹಾಕಿದೆ. ವೋಲ್ಟೇಜ್ ಹಿಡಿದಿಡುವ ಎವಿಆರ್ ಎಂಬ ಕಪ್ಪು ಡಬ್ಬಿ ಇರುತ್ತದೆ, ಅದನ್ನು ಬದಲಾಯಿಸಿದೆ. ಅಂಗಡಿಯಿಂದ ಒಂದನ್ನು ತಂದಿದ್ದೆ. ವ್ಯಾನಿನ ಬ್ಯಾಟರಿಯಿಂದ ಎರಡು ತಂತಿ ಎಳೆದು ಅಯಸ್ಕಾಂತ ಶಕ್ತಿಯನ್ನೂ ಹೊಸದಾಗಿ ತುಂಬಿದೆ. ಏನು ಮಾಡಿದರೂ 150. ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ಇಂಜಿನ್ನಿನ ಸದ್ದು. ಏರು ಹತ್ತುವ ಲಾರಿಯ ಹಾಗೆ ಅದು ತಿಣುಕುತ್ತಿತ್ತು. ಹೊರಗೆ ಹೋಗುವ ತಂತಿಯ ಸುತ್ತ ಕ್ಲ್ಯಾಂಪ್ ಮೀಟರ್ ಹಾಕಿದರೆ ಕರೆಂಟು ಸೊನ್ನೆ. ಯಾರೋ ಎಳೆಯುತ್ತಿದ್ದರು, ಆದರೆ ತಂತಿಯಲ್ಲಿ ಏನೂ ಹೋಗುತ್ತಿರಲಿಲ್ಲ.

ಲಿಲ್ಲಿ ಬಾಗಿಲಲ್ಲಿ ಬಂದು ನಿಂತು ಸಿಲಿಂಡರ್ ಮುಗೀತಾ ಬಂತು ಎಂದಳು. ಇಷ್ಟು ವರ್ಷ ಊರಿನವರ ಜನರೇಟರನ್ನೆಲ್ಲ ಸರಿಮಾಡಿ, ಮನೆಯವರ ಉಸಿರು ಬೇಕಾದ ಹೊತ್ತಿನಲ್ಲಿ ಸೋತೆನಲ್ಲ ಎಂದು ಅಳು ಬರುವ ಹಾಗಾಯಿತು.

ಒಳಗಿನಿಂದ ಅತ್ತೆ ಕರೆದರು. ಮೂಗಿನ ನಳಿಕೆ ಸರಿಸಿಕೊಂಡು, ಉಸಿರೆಳೆದುಕೊಳ್ಳುತ್ತ ನಿಧಾನವಾಗಿ ಹೇಳಿದರು.

"ಇಂಜಿನ್ ಸದ್ದು ಕೇಳಪ್ಪ. ಲೈನಲ್ಲಿ ಯಾರೋ ಲೈಟ್ ಆರಿಸಿಲ್ಲ. ಕಂಬಿ ಹೊಡಿ."

ಆಕ್ಸಿಜನ್ ಕಡಿಮೆಯಾಗಿ ತಲೆ ತಿರುಗಿದೆ ಎಂದುಕೊಂಡೆ. ಅವರು ಬಿಡಲಿಲ್ಲ. ಇಂಜಿನ್ ಮನೆಯ ಮುಂದೆ ಒಂದು ರೈಲು ಕಂಬಿಯ ತುಂಡು ತೂಗುಹಾಕಿದ್ದರಂತೆ. ಮೂರು ಏಟು ಹೊಡೆದರೆ ಎಲ್ಲರೂ ಲೈಟ್ ಆರಿಸಬೇಕು, ಒಂದು ಏಟು ಹೊಡೆದರೆ ಹಾಕಿಕೊಳ್ಳಬಹುದು. ಲೈನಿನ ಕೊನೆಯ ಲೈಟು ಆರುವವರೆಗೂ ಮಾವ ಇಂಜಿನ್ ನಿಲ್ಲಿಸುತ್ತಿರಲಿಲ್ಲ. ಕಂಬಿ ಹೊಡೆದು ಬಾಗಿಲಲ್ಲಿ ನಿಂತು ನೋಡುವುದು ಅತ್ತೆಯ ಕೆಲಸ. ಯಾವಾಗಲೂ ಕೊನೆಗೆ ಆರುತ್ತಿದ್ದದ್ದು ಕೊನೆ ಮನೆಯ ದೇವೀರಿಯ ಲೈಟು. ಕಾಫಿ ಕುಯ್ಯುವ ಹೆಂಗಸು, ಒಂಟಿ. ಕತ್ತಲೆ ಎಂದರೆ ಜೀವ ಹೋದ ಹಾಗೆ ಹೆದರುತ್ತಿದ್ದಳಂತೆ. ಆದರೆ ಮೂರನೇ ಏಟು ಬಿದ್ದ ಮೇಲೆ ಒಂದು ದಿನವೂ ತಪ್ಪಿಸಿದವಳಲ್ಲ.

ನಾನು ಜಾಕಿನ ರಾಡು ತೆಗೆದುಕೊಂಡು ಹೊರಗೆ ಬಂದೆ. ನಂಬಿಕೆಯಿಂದಲ್ಲ, ಮಾಡಲು ಬೇರೇನೂ ಉಳಿದಿರಲಿಲ್ಲ. ಕಂಬಿ ಎಲ್ಲಿಯೂ ಕಾಣಲಿಲ್ಲ. ವ್ಯಾನಿನ ಸ್ಟೆಪ್ನಿಯನ್ನು ಇಳಿಸಿ, ಗೋಡೆಗೊರಗಿಸಿ, ಅದರ ಕಬ್ಬಿಣದ ರಿಮ್ಮಿಗೆ ಹೊಡೆದೆ. ಒಂದು. ಎರಡು. ಕೆಳಗಿನ ಹಳದಿ ಲೈಟು ಉರಿಯುತ್ತಲೇ ಇತ್ತು. ಮೂರನೆಯದು ಹೊಡೆದೆ. ಲೈಟು ಆರಿತು.

ಅದೇ ಗಳಿಗೆಯಲ್ಲಿ ನನ್ನ ಬೆನ್ನ ಹಿಂದೆ ಇಂಜಿನ್ ಹಗುರಾಯಿತು. ಭಾರ ಇಳಿಸಿದವನು ಉಸಿರು ಬಿಡುತ್ತಾನಲ್ಲ, ಹಾಗೆ. ಓಡಿಹೋಗಿ ಮೀಟರ್ ನೋಡಿದೆ. 228. ಮೇನ್ ಸ್ವಿಚ್ ಹಾಕಿದೆ, ಲಿಲ್ಲಿ ಮೆಷಿನ್ ಹಾಕಿದಳು, ಓಡಿತು. ಅತ್ತೆಯ ತುಟಿಗೆ ಬಣ್ಣ ಬರುವುದನ್ನು ನೋಡುತ್ತ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಮುಸ್ಸಂಜೆಗೆ ಸೋಮಣ್ಣ ಜೀಪಿನಲ್ಲಿ ಬಂದ. ಆನೆಗಳು ಕಾಡಿಗೆ ಇಳಿದಿದ್ದವು. ನಮ್ಮ ಅವಸ್ಥೆಯನ್ನು ಫೋನಿನಲ್ಲಿ ಕೇಳಿದ್ದರಿಂದ ಎಲ್ಲಿಂದಲೋ ಒಂದು ತುಂಬಿದ ಸಿಲಿಂಡರನ್ನೂ ತಂದಿದ್ದ, ಪುಣ್ಯಾತ್ಮ. ಅತ್ತೆಯನ್ನು ಅದಕ್ಕೆ ಹಾಕಿ ಮೆಷಿನ್, ಮೇನ್ ಸ್ವಿಚ್ ಎರಡನ್ನೂ ಆರಿಸಿದೆವು. ಕೆಳಗಿನ ಮನೆಯಲ್ಲಿ ಯಾರಿದ್ದಾರೆ ಎಂದು ಸೋಮಣ್ಣನನ್ನು ಕೇಳಿದೆ.

"ಅಲ್ಲೆಲ್ಲೈತೆ ಸಾರ್ ಮನೆ? ಹಳೇ ಲೈನದು. ಹೆಂಚು, ಕಂಬ, ವೈರು ಎಲ್ಲ ಕಿತ್ಕೊಂಡ್ಹೋಗ್ಬುಟ್ಟು ಯಾವ್ದೋ ಕಾಲ ಆಯ್ತು" ಎಂದ.

ನಾನು ಜನರೇಟರ್ ನಿಲ್ಲಿಸಲು ಹೋದೆ. ಕಿಟಕಿಯಿಂದ ಅತ್ತೆ ಕೈ ಅಡ್ಡ ಮಾಡಿದರು.

"ಈಗ್ಲೇ ನಿಲ್ಲಿಸಬೇಡಪ್ಪ. ನಮಗೋಸ್ಕರ ಇಷ್ಟೊತ್ತು ಕತ್ತಲೇಲಿ ಕೂತವಳೆ. ಒಂದ್ ಸಲ ಹೊಡೆದು ಸ್ವಲ್ಪ ಹೊತ್ತು ಓಡ್ಸು."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಂದು ನಗು ಬರಲಿಲ್ಲ. ಮೇನ್ ಸ್ವಿಚ್ ಆರಿಸಿದ್ದೇನೆಯೇ ಎಂದು ಎರಡು ಸಲ ನೋಡಿದೆ. ಆರಿಸಿದ್ದೆ. ರಾಡು ಎತ್ತಿ ರಿಮ್ಮಿಗೆ ಒಂದೇ ಏಟು ಹೊಡೆದೆ. ಇಂಜಿನ್ ಸದ್ದು ಇಳಿಯಿತು, ತಿಣುಕತೊಡಗಿತು. ಮೀಟರ್ 150ಕ್ಕೆ ಬಂತು. ಕೆಳಗೆ ಮಂಜಿನಲ್ಲಿ ಹಳದಿ ಲೈಟು ಹೊತ್ತಿಕೊಂಡಿತು. ಸೋಮಣ್ಣ ಜೀಪಿನ ಟಯರಿಗೆ ಕಲ್ಲು ಕೊಡುತ್ತಿದ್ದ, ಅವನು ಆ ಕಡೆ ತಿರುಗಲಿಲ್ಲ. ತೋರಿಸಬಹುದಿತ್ತು. ಲೈಟು ನೋಡುತ್ತ ನಿಂತುಬಿಟ್ಟೆ. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು ಉಳಿದಿದೆ ಎಂಬುದು ನೆನಪಿಗೇ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಲೈಟು ಫಕ್ಕನೆ ಆರಲಿಲ್ಲ, ಕೆಂಪಾಗುತ್ತ ಹೋಗಿ ಕತ್ತಲೆಯಾಯಿತು.

ಮಾರನೆಯ ದಿನ ಹಾಸನದ ಅಂಗಡಿಯಲ್ಲಿ ಜನರೇಟರಿಗೆ ಪೆಟ್ರೋಲ್ ಹಾಕಿ ಚಾಲೂ ಮಾಡಿದೆ. ಕರೆಂಟೇ ಹುಟ್ಟಲಿಲ್ಲ. ಮೀಟರಿನ ಮುಳ್ಳು ಕದಲಿತು, ಅಷ್ಟೆ. ಅಯಸ್ಕಾಂತ ಶಕ್ತಿ ಪೂರ್ತಿ ಅಳಿಸಿಹೋಗಿತ್ತು. ಬ್ಯಾಟರಿ ಮುಟ್ಟಿಸಿ ತುಂಬಿದ ಮೇಲೆ 228 ಕೊಟ್ಟಿತು, ಬೇರೆ ಯಾವ ದೋಷವೂ ಇರಲಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತೆ. ಆ ಹಳೆಯ ಪ್ರಶ್ನೆಯನ್ನು ಈ ಸಲ ನನಗೆ ನಾನೇ ಕೇಳಿಕೊಳ್ಳಬೇಕಾಗಿತ್ತು. ಉತ್ತರ ಗೊತ್ತಿತ್ತು, ಹೇಳಿಕೊಳ್ಳಲು ಧೈರ್ಯವಿರಲಿಲ್ಲ.

ಮನೆಗೆ ಹೋಗಿ ಅತ್ತೆಗೆ ವಿಷಯ ತಿಳಿಸಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ನನ್ನ ಮೇಲೆ ಸ್ವಲ್ಪ ಬೇಜಾರಾದ ಹಾಗೆ ಕಂಡಿತು.

"ಮತ್ತೆ ಅವಳು ಹೆಂಗೆ ಆರಿಸ್ತಾಳೆ? ನಿಲ್ಲೋ ಮುಂಚೆ ನೀನು ಕಂಬಿನೇ ಹೊಡೀಲಿಲ್ವಲ್ಲ" ಎಂದರು.

ಅತ್ತೆ ಮುಂದಿನ ಮಳೆಗಾಲದೊಳಗೆ ತೀರಿಕೊಂಡರು. ಆ ಎಸ್ಟೇಟಿನ ಕಡೆ ನಾನು ಮತ್ತೆ ಹೋಗಿಲ್ಲ. ನೆನೆದ ಕೇಬಲ್ಲು, ಮಂಜಿನ ತೇವ, ನನ್ನ ಗಾಬರಿ ಎಂದು ಎಷ್ಟೋ ಕಾರಣಗಳನ್ನು ಜೋಡಿಸಿ ನೋಡಿದ್ದೇನೆ, ಯಾವುದೂ ಪೂರ್ತಿ ಕೂಡುವುದಿಲ್ಲ. ಈಗಲೂ ಶಕ್ತಿ ಕಳೆದುಕೊಂಡ ಜನರೇಟರ್ ಅಂಗಡಿಗೆ ಬರುತ್ತಿರುತ್ತದೆ. ನಿಲ್ಲಿಸುವಾಗ ಲೋಡ್ ಏನಿತ್ತು ಎಂದು ಅಭ್ಯಾಸಬಲದಿಂದ ಕೇಳುತ್ತೇನೆ. ಏನೂ ಇರಲಿಲ್ಲ ಎನ್ನುತ್ತಾರೆ. ಸುಳ್ಳು ಹೇಳಬೇಡಿ ಎನ್ನುವುದನ್ನು ಮಾತ್ರ ಬಿಟ್ಟಿದ್ದೇನೆ.