ಸಂಜೆ ಆರೂವರೆಯ ಕಾಲೇಜು

ರೊಟ್ಟಿ ಬಡಿಯುತ್ತಿದ್ದ ಹೇಮಲತಾ ಅವರು ಕೈಯ ಹಿಟ್ಟು ಕೊಡವಿಕೊಳ್ಳುವ ಮೊದಲೇ ಕಾಲೇಜಿನ ಕಾರ್ಯದರ್ಶಿ ಚನಬಸಪ್ಪನವರು ಬಾಗಿಲಲ್ಲಿ ನಿಂತಿದ್ದರು.

"ಮೇಡಂ, ಯೂನಿವರ್ಸಿಟಿ ಕಮಿಟಿ ಇವತ್ತೇ ಬರ್ತಿದೆ, ಹನ್ನೊಂದಕ್ಕೆ! ಹುಡುಗ್ರೆಲ್ಲಿ?"

"ಫ್ಯಾಕ್ಟರೀಲಿ. ಇನ್ನೆಲ್ಲಿರ್ತಾರೆ?"

ಪೀಣ್ಯದ ಕಾರ್ಮಿಕರಿಗೆ ಪದವಿಯ ಬಾಗಿಲು ತೆರೆದವರಲ್ಲಿ, ಈಗ ನಿವೃತ್ತರಾಗುತ್ತಿರುವ ಪ್ರಾಂಶುಪಾಲೆ ಹೇಮಲತಾ ಅವರದು ಮೊದಲ ಸಾಲಿನ ಹೆಸರು. ಹೊಸ ಖಾಸಗಿ ಕಾಲೇಜುಗಳಿಗೆ ಅನುದಾನವಿಲ್ಲವೆಂದು ಸರ್ಕಾರ ಕೈ ತೊಳೆದುಕೊಂಡಿದ್ದ ಕಾಲದಲ್ಲಿ, ಬಾಗಲಗುಂಟೆಯ ಬಾಡಿಗೆ ಮಹಡಿಯಲ್ಲಿ ಅರ್ಧ ಸಂಬಳಕ್ಕೆ ಅವರು ನಡೆಸಿದ್ದು ಸಂಜೆ ಕಾಲೇಜು. ಅದಕ್ಕೆ ಅನ್ವಯಿಸಿದ ನಿಯಮಗಳು ಮಾತ್ರ ಹಗಲಿನವು. ಈ ಘಟನೆ ನಡೆದ ೧೯೯೪ರಲ್ಲಿ, ಸಮಿತಿ ವಿದ್ಯಾರ್ಥಿಗಳನ್ನು ಕಣ್ಣಾರೆ ಕಂಡರಷ್ಟೇ ಮಾನ್ಯತೆ ಎಂದಾಯಿತು. ಬೆಂಚು ಖಾಲಿಯಿದ್ದರೆ ಕಾಲೇಜು ಮುಚ್ಚಿದಂತೆ.

ಅಂಥ ದಿನಗಳಲ್ಲಿ ಬೇರೆ ಕಾಲೇಜಿನ ಹುಡುಗರನ್ನು ತಂದು ಕೂರಿಸುವುದು ಕೆಲವೆಡೆ ರೂಢಿಯೇ ಆಗಿತ್ತು. ಚನಬಸಪ್ಪನವರು ವ್ಯಾನನ್ನೂ ಗೊತ್ತುಮಾಡಿದ್ದರು.

"ಮದುವೆಗೆ ಶಾಮಿಯಾನ ಬಾಡಿಗೆಗೆ ತರಬಹುದು ಸಾರ್, ಮದುಮಗನ್ನಲ್ಲ. ವ್ಯಾನ್ ವಾಪಸ್ ಕಳ್ಸಿ" ಎಂದರು ಹೇಮಲತಾ.

ಖಾಲಿ ಕೊಠಡಿ ಕಂಡು ಸಮಿತಿಯ ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು.

"ನಮ್ಮ ಕಾಲೇಜಿಗೆ ಬೆಳಗಾಗೋದೇ ಸಂಜೆ ಆರೂವರೆಗೆ ಸಾರ್. ಆಗ ಬನ್ನಿ."

"ಬರದಿದ್ರೆ?"

"ನೋಡ್ದೇ ಬರೆದ್ವಿ ಅಂತ ವರದೀಲಿ ನೀವೇ ಬರೀಬೇಕಾಗುತ್ತೆ."

ಗೊಣಗುತ್ತಲೇ ಹೋದವರು ಸಂಜೆ ಬಂದರು. ಪಾಳಿ ಮುಗಿಸಿ, ಗ್ರೀಸು ಮೆತ್ತಿದ ಕೈಯಲ್ಲೇ ಓಡಿಬಂದವರಿಂದ ಮೆಟ್ಟಿಲೂ ತುಂಬಿತ್ತು. ಗೋಡೆಗೊರಗಿ ನಿಂತಿದ್ದ ಅಧ್ಯಕ್ಷರಿಗೆ, ಅವರು ಯಾರೆಂದು ತಿಳಿಯದ ಬಾಗಲಕೋಟೆ ಕಡೆಯ ವಿದ್ಯಾರ್ಥಿ ಬಸಲಿಂಗ ಬೆಂಚಿನಲ್ಲಿ ಸರಿದು ಜಾಗ ಕೊಟ್ಟ.

"ಬರ್ರಿ ಸರ, ಇಲ್ಲೇ ಕುಂದರ್ರಿ. ಹೊಸಾ ಅಡ್ಮಿಶನ್ ಏನ್ರಿ?"

ಮೊದಲು ನಕ್ಕವರು ಅಧ್ಯಕ್ಷರೇ. ಅರ್ಥಶಾಸ್ತ್ರದ ಪಾಠ ಮುಗಿಯುವವರೆಗೂ ಅವರು ಬಸಲಿಂಗನ ಪಕ್ಕದಲ್ಲೇ ಕುಳಿತಿದ್ದರು. ಮಾನ್ಯತೆ ಬಂತು, ಅಷ್ಟೇ ಅಲ್ಲ, ಸಂಜೆ ಕಾಲೇಜುಗಳನ್ನು ಸಂಜೆಯೇ ಪರಿಶೀಲಿಸಬೇಕೆಂಬ ಸುತ್ತೋಲೆಯೂ ಹೊರಟಿತು. ಒಬ್ಬ ಹೆಣ್ಣುಮಗಳ ಹಟಕ್ಕೆ ನಿಯಮವೇ ತನ್ನ ವೇಳೆ ಬದಲಿಸಿಕೊಂಡಿತು.

ನಿವೃತ್ತರಾಗುತ್ತಿರುವ ಅವರಿಗೆ ತುಂಬು ಆಯುಷ್ಯವಿರಲಿ, ಕೈತುಂಬ ಕೆಲಸವೂ ಇರಲಿ. ವಿಶ್ರಾಂತಿಯನ್ನು ಹಾರೈಸಲು ಮನಸ್ಸು ಬಾರದು; ಗೆದ್ದ ಆ ಸಂಜೆಯೂ ಅವರು ವಿಶ್ರಮಿಸಿದವರಲ್ಲ. ಎಲ್ಲರೂ ಮೈಸೂರುಪಾಕು ಹಂಚಿಕೊಳ್ಳುತ್ತಿದ್ದಾಗ ಹೇಮಲತಾ ಕಿಟಕಿಯಲ್ಲಿ ನಿಂತಿದ್ದರು. ಕೆಳಗೆ ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಹೊತ್ತು ಇನ್ನಷ್ಟು ಮೀರುವ ಮೊದಲೇ ಮನೆ ಸೇರಲು ಸರಸರ ನಡೆಯುತ್ತಿದ್ದರು. ತುಂಬಿದ ತರಗತಿಯಲ್ಲಿ ಅವರಲ್ಲೊಬ್ಬಳೂ ಇರಲಿಲ್ಲ. ಇವರಿಗೆ ಸಂಜೆಯೂ ಆಗದು. ಕೆಲಸಕ್ಕೆ ಮುಂಚೆ, ಬೆಳಗಿನ ಆರಕ್ಕೆ ಒಂದು ತರಗತಿ ಬೇಕು. ಸರ್ಕಾರ ಅನುದಾನ ಕೊಡಲಿ, ಬಿಡಲಿ, ಬರುವ ಜೂನ್‌ಗೆ ಶುರು ಎಂದು ಅವರು ನಿಶ್ಚಯಿಸಿಕೊಂಡರು.

"ಮೇಡಂ, ಸಿಹಿ ತಗೊಳ್ಳಿ" ಎಂದರು ಚನಬಸಪ್ಪ. ತೆಗೆದುಕೊಂಡರು, ಇನ್ನೊಂದು ಕೈಯಲ್ಲಿ ವೇಳಾಪಟ್ಟಿಯ ಹಾಳೆ ಎತ್ತಿಕೊಂಡರು.