ಜಾರದ ಸುತ್ತಿಗೆ

ಕಳೆದ ವಾರ ಬಂಗಾರಪೇಟೆಯಲ್ಲಿ ಹತ್ತಿದ ಬಾಡಿಗೆ ವ್ಯಾನಿನಲ್ಲಿ ಆ ವಾಸನೆ ಬಂತು. ಕೂದಲು ಸುಟ್ಟಂಥ ವಾಸನೆ, ಅದರ ಜೊತೆಗೆ ಕಾದ ಕಬ್ಬಿಣದ ಘಾಟು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಯಾರೋ ಕಸ ಸುಡ್ತಾವ್ರೆ" ಎಂದರು. ಕಸವಲ್ಲ, ಮುಂದಿನ ಚಕ್ರ ಎಂದು ನನಗೆ ಗೊತ್ತಿತ್ತು. ಬ್ರೇಕು ಹಿಡಿದುಕೊಂಡು ಬಿಡದೇ ಹೋದರೆ ಹೀಗೆ ನಾರುತ್ತದೆ. ಅದನ್ನು ನನಗೆ ಹೇಳಿಕೊಟ್ಟವರು ಆಂಡರ್ಸನ್‌ಪೇಟೆಯ ಒಬ್ಬ ಮೇಸ್ತ್ರಿ.

ಅವರು ಮೊದಲು ಕೆಜಿಎಫ್‌ನ ಕೋರಮಂಡಲ್ ಚಿನ್ನದ ಗಣಿಯಲ್ಲಿದ್ದವರು. ಆಳುಗಳನ್ನು ಭೂಮಿಯೊಳಕ್ಕೆ ಇಳಿಸುವ ಪಂಜರಕ್ಕೆ ಒಂದು ದೊಡ್ಡ ಯಂತ್ರವಿರುತ್ತಿತ್ತಂತೆ, ಅದರ ಬ್ರೇಕು ನೋಡಿಕೊಳ್ಳುವ ಫಿಟ್ಟರ್. ಗಣಿ ಮುಚ್ಚಿದ ಮೇಲೆ ತಗಡಿನ ಶೆಡ್ಡು ಹಾಕಿಕೊಂಡು ಗಾಡಿ ರಿಪೇರಿಗೆ ಕೂತರು. ಕುಳ್ಳ ಆಳು, ಮುಂಗೈ ಮಾತ್ರ ತೊಡೆಯಷ್ಟು ದಪ್ಪ. ಬೋಲ್ಟು ಬಿಡದಿದ್ದರೆ ಬೋಲ್ಟಿಗೆ ಹೊಡೆಯುತ್ತಿದ್ದರು, ಗಿರಾಕಿ ಎದುರು ಮಾತಾಡಿದರೆ ಗಿರಾಕಿಗೆ. ಒಬ್ಬ ಲಾರಿ ಡ್ರೈವರಿನ ಕಿವಿ ಹರಿದುಹೋಗುವಂತೆ ಸ್ಪ್ಯಾನರ್ ಬೀಸಿದ್ದನ್ನು ನಾನೇ ನೋಡಿದ್ದೇನೆ. ಅವರ ಹೆಂಡತಿ ಊರಿಗಾಂನಲ್ಲಿ ಅಣ್ಣನ ಮನೆ ಸೇರಿದ್ದರು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಅವರನ್ನು ಸಾಧುವಾಗಿ ಮಾಡಿ ನೆನೆಯುವುದು ನನ್ನಿಂದಾಗದು.

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ನಾಲ್ಕು ಹಸು, ಒಂದು ಹಳೆಯ ವ್ಯಾನು. ಅಪ್ಪ ಊರಿನ ಮಕ್ಕಳನ್ನು ಆ ವ್ಯಾನಿನಲ್ಲಿ ಕೆಜಿಎಫ್‌ನ ಶಾಲೆಗೆ ಬಿಟ್ಟುಬರುತ್ತಿದ್ದ. ನಾನಾಗ ಏಳನೇ ಕ್ಲಾಸು. ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ನಾನೂ ಅಪ್ಪನೂ ಊರಿನಿಂದ ಮೇಸ್ತ್ರಿಯ ಶೆಡ್ಡಿಗೆ ಬರುವಾಗಲೇ ವ್ಯಾನು ಎಡಕ್ಕೆ ಎಳೆಯುತ್ತಿತ್ತು, ಚಕ್ರದಿಂದ ಹೊಗೆ ಬರುತ್ತಿತ್ತು. ಮಾರನೆಯ ದಿನ ಹತ್ತನೇ ಕ್ಲಾಸಿನ ಒಂಬತ್ತು ಮಕ್ಕಳಿಗೆ ಪಬ್ಲಿಕ್ ಪರೀಕ್ಷೆ. ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಮನೆಮನೆಗೂ ಮಾತು ಕೊಟ್ಟಿದ್ದ.

ಮೇಸ್ತ್ರಿ ಚಕ್ರ ಬಿಚ್ಚಿದರು. ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಕ್ಯಾಲಿಪರ್ ಎಂಬ ಕಬ್ಬಿಣದ ಗಟ್ಟಿಯನ್ನು ತೋರಿಸಿದರು. ಅದರೊಳಗಿನ ಪಿಸ್ಟನ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಅವರು ಬಗ್ಗಿ ಅದನ್ನು ಮೂಸಿ ನೋಡಿದರು.

"ಏನ್ ಗೌಡ, ಗಾಡೀನ ಎಲ್ಲಿ ಕಟ್ತೀಯಾ?"

"ಕೊಟ್ಟಿಗೇಲಿ ನಿಲ್ಲಿಸ್ತೀನಿ. ಯಾಕೆ?"

"ಇದೇನು ವ್ಯಾನಾ, ಎಮ್ಮೇನಾ? ಗಂಜಲ ಕುಡಿಸಿ ಸಾಕಿದ್ದೀಯಲ್ಲಯ್ಯ!"

ನಿಜ. ವ್ಯಾನು ರಾತ್ರಿಯೆಲ್ಲ ಹಸುಗಳ ಪಕ್ಕ ಗಂಜಲದಲ್ಲೇ ನಿಂತಿರುತ್ತಿತ್ತು. ಅದು ಸಾಲದೆಂದು ಚಕ್ರ ಬಿಸಿಯಾದ ದಿನ ಅಪ್ಪ ಹಸು ಮೈತೊಳೆಯುವ ಬಕೀಟಿನಿಂದಲೇ ಅದಕ್ಕೂ ನೀರು ಹೊಯ್ಯುತ್ತಿದ್ದ. ದಣಿದ ಪ್ರಾಣಿಗೆ ತಂಪು ಮಾಡಿದೆ ಎಂಬ ಸಮಾಧಾನ ಅವನಿಗೆ.

"ನಿನ್ ಬಾಯಿಗೆ ಬ್ರೇಕಿಲ್ಲ. ನನ್ ಗಾಡಿ ಬ್ರೇಕ್ ನೋಡು ಓಗ್ಲಾ" ಎಂದ ಅಪ್ಪ. ಇಬ್ಬರೂ ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ.

ಕ್ಯಾಲಿಪರನ್ನು ಡಿಸ್ಕಿನಿಂದ ಬಿಡಿಸಿ, ಬ್ರೇಕ್ ಆಯಿಲ್ಲಿನ ಪೈಪಿಗೆ ಸೇರಿಕೊಂಡಿದ್ದಂತೆಯೇ ಕೈಯಲ್ಲಿ ಹಿಡಿದು, ಬ್ರೇಕ್ ಒತ್ತಿಸಿ ಪಿಸ್ಟನ್ನನ್ನು ಹೊರಗೆ ತಳ್ಳಿಸುವುದು ಅವರ ಕ್ರಮ. ಒತ್ತಲು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. "ನೋಡಮ್ಮ, ಗಣೀಲಿ ಪಂಜರ ಇಳಿಸೋಕೆ ಗಂಟೆ ಹೊಡೆಯೋನು ಒಬ್ಬನೇ. ಮ್ಯಾನೇಜರ್ ಬಂದು ಕೂಗಿದ್ರೂ ಪಂಜರ ಅಲ್ಲಾಡ್ತಿರಲಿಲ್ಲ. ಇಲ್ಲಿ ಗಂಟೆ ನಂದು. ನಾನ್ ಹೇಳಿದ್ರೆ ಮಾತ್ರ ಒತ್ತು. ನಿಮ್ಮಪ್ಪ ಹೇಳಿದ್ರೂ ಒತ್ತಬೇಡ, ಸರಿಯಾ?"

ನಾನು ತಲೆಯಾಡಿಸಿದೆ.

ಒಂದು ಗಂಟೆ ಕಳೆಯಿತು. ಒತ್ತು, ಬಿಡು, ಒತ್ತು, ಬಿಡು. ಪಿಸ್ಟನ್ ಕದಲಲಿಲ್ಲ. ಅವರು ಸೀಮೆಎಣ್ಣೆ ಸುರಿದರು, ಬೆಂಕಿ ಹಿಡಿದರು, ಸುತ್ತಿಗೆಯಲ್ಲಿ ಹೊಡೆದರು. ಪ್ರತಿ ಏಟಿಗೂ ಸೀಟು ನನ್ನ ಬೆನ್ನಿಗೆ ಗುದ್ದುತ್ತಿತ್ತು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಆ ಕಬ್ಬಿಣದ ತಾಯಿಯನ್ನು ಬೈದರು. ಕೊನೆಗೆ, ಪಿಸ್ಟನ್ ಹಾರಿ ಬರದಿರಲೆಂದು ಎದುರಿಗೆ ಒಡ್ಡಿದ್ದ ಮರದ ತುಂಡನ್ನು ತೆಗೆದು, ಪಿಸ್ಟನ್ ಸ್ವಲ್ಪವಾದರೂ ಸರಿದಿದೆಯೇ ಎಂದು ಬೆರಳು ತೂರಿಸಿ ನೋಡತೊಡಗಿದರು. ಅಪ್ಪ ಬಾನೆಟ್ಟಿನ ಆಚೆ ನಿಂತಿದ್ದ. ಅವನಿಗೆ ಆ ಬೆರಳು ಕಾಣುತ್ತಿರಲಿಲ್ಲ. ನನಗೂ ಕಾಣುತ್ತಿರಲಿಲ್ಲ.

"ಇನ್ನೊಂದ್ಸಲ ಜೋರಾಗಿ ಒತ್ತಮ್ಮ!" ಎಂದು ಅಪ್ಪ ಕೂಗಿದ.

ನಾನು ಸೀಟಿನಿಂದ ಎದ್ದು, ಎರಡೂ ಕಾಲಿನಲ್ಲಿ ಒತ್ತಿದೆ.

ಠಪ್ ಎಂದಿತು... ಕಾಲ ಕೆಳಗೆ ಪೆಡಲ್ ಒಮ್ಮೆಲೇ ಮೆತ್ತಗಾಗಿ ನೆಲ ಮುಟ್ಟಿತು. ಅದು ಮೆತ್ತಗಾದದ್ದು ನನ್ನ ಪಾದಕ್ಕೆ ಇಂದಿಗೂ ನೆನಪಿದೆ. ಮೇಸ್ತ್ರಿ ಎದ್ದು ನಿಂತಾಗ ಬ್ರೇಕ್ ಆಯಿಲ್ಲಿನ ಜೊತೆ ರಕ್ತ ಮೊಣಕೈವರೆಗೆ ಇಳಿಯುತ್ತಿತ್ತು. ಬಲಗೈಯ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಅವರು ನನ್ನ ಮುಖ ನೋಡಿದರು. ಹೊಡೆಯುತ್ತಾರೆಂದು ನಾನು ಕಣ್ಣು ಮುಚ್ಚಿದೆ. ಹೊಡೆತ ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವರು ಬೆರಳಿಗೆ ಬನಿಯನ್ ಬಟ್ಟೆ ಸುತ್ತಿ ಹಲ್ಲಿನಿಂದ ಗಂಟು ಬಿಗಿಯುತ್ತಿದ್ದರು.

ಹೊರಬಂದ ಪಿಸ್ಟನ್ ಹುಳುಕು ಹಲ್ಲಿನಂತಿತ್ತು, ಮತ್ತೆ ಹಾಕುವಂತಿರಲಿಲ್ಲ. ಭಾನುವಾರ ಅಂಗಡಿಗಳೂ ಮುಚ್ಚಿದ್ದವು. ಅಪ್ಪನಿಗೆ ಗಾಬರಿ. "ಆ ಪೈಪ್ ಮಡಚಿ ಕಟ್ಟಿಬಿಡು ಮೇಸ್ತ್ರಿ. ಮೂರು ಚಕ್ರಕ್ಕೆ ಬ್ರೇಕ್ ಇದ್ರೆ ಸಾಕು, ನಾನು ಮೆಲ್ಲಗೆ ಓಗ್ತೀನಿ."

"ಕಟ್ಟಲ್ಲ."

"ನೀನು ಕಟ್ಟದಿದ್ರೆ ನಾನೇ ಕಟ್ಕೋತೀನಿ" ಎಂದು ಅಪ್ಪ ತಂತಿ ಎತ್ತಿಕೊಂಡು ಬಗ್ಗಿದ.

ಮೇಸ್ತ್ರಿ ಎಡಗೈಯಲ್ಲಿ ಸುತ್ತಿಗೆ ತೆಗೆದುಕೊಂಡರು. "ಮಗೂ, ಮುಖ ಮುಚ್ಕೋ" ಎಂದರು. ಈ ಸಲ ಅವರ ಮಾತು ಕೇಳಿದೆ. ಮುಂದಿನ ಗಾಜು ಪುಡಿಪುಡಿಯಾಗಿ ನನ್ನ ಮಡಿಲಿಗೆ ಸುರಿಯಿತು. "ಈಗ ಓಗು! ಒಂಬತ್ತು ಮಕ್ಳನ್ನ ಕೂರಿಸ್ಕೊಂಡು ಓಗು ನೋಡೋಣ!"

ಅಪ್ಪ ಅವರ ಮೇಲೆ ಬಿದ್ದ. ಅಪ್ಪ ಯಾರಿಗಾದರೂ ಹೊಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗುದ್ದಿದ, ಒದ್ದ, ಗಾಯವಾದ ಆ ಕೈಯನ್ನೇ ಹಿಡಿದು ತಿರುಚಿದ. ಮೇಸ್ತ್ರಿ ತಲೆಯಿಂದ ಅಪ್ಪನ ಮೂಗಿಗೆ ಡಿಕ್ಕಿ ಕೊಟ್ಟರು. ಎಣ್ಣೆ ಚೆಲ್ಲಿದ ನೆಲದಲ್ಲಿ ಇಬ್ಬರೂ ಹೊರಳಾಡಿದರು. ಬಿಡಿಸಲು ಯಾರೂ ಬರಲಿಲ್ಲ. ಆ ಶೆಡ್ಡಿನ ಗಲಾಟೆಗೆ ಬೀದಿಯವರು ಒಗ್ಗಿಹೋಗಿದ್ದರು. ನಾನು ಗಾಜಿನ ಚೂರುಗಳ ನಡುವೆ ಅಲ್ಲಾಡದೆ ಕೂತಿದ್ದೆ. ಕೊನೆಗೆ ಉಸಿರು ಸಾಲದೆ ಅವರೇ ಬಿಟ್ಟರು.

ಆಮೇಲೆ ಮೇಸ್ತ್ರಿ ಶೆಡ್ಡಿನ ಹಿಂದೆ ಬಿದ್ದಿದ್ದ ಗುಜರಿ ವ್ಯಾನಿನ ಕ್ಯಾಲಿಪರ್ ಬಿಚ್ಚಿ ತಂದು, ಒಂದೂವರೆ ಕೈಯಲ್ಲಿ ಜೋಡಿಸಿದರು. ಸಂಜೆಯಾಯಿತು. ನನ್ನನ್ನು ಇಳಿಸಿ, ಹತ್ತಲು ಬಂದ ಅಪ್ಪನನ್ನು ತಳ್ಳಿದರು. "ಪಂಜರ ಮೊದಲು ಖಾಲಿ ಇಳೀಬೇಕು. ಆಮೇಲೆ ಜನ." ಗಾಜಿಲ್ಲದ ವ್ಯಾನನ್ನು ಒಬ್ಬರೇ, ಗಣಿಯ ಬಿಳಿ ತ್ಯಾಜ್ಯದ ಮಣ್ಣು ಗುಡ್ಡೆಬಿದ್ದ ಸೈನೈಡ್ ದಿಬ್ಬದ ಇಳಿಜಾರಿಗೆ ಓಡಿಸಿಕೊಂಡು ಹೋದರು. ಹಿಂದಿರುಗಿದಾಗ ಹುಬ್ಬಿನ ಮೇಲೆಲ್ಲ ಬಿಳಿ ಧೂಳು. ಚಕ್ರದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರು. ಅದು ಚುರ್ ಎನ್ನಲಿಲ್ಲ. ಕೀಲಿಯನ್ನು ಅಪ್ಪನ ಕಾಲ ಬಳಿ ಎಸೆದು ಆಸ್ಪತ್ರೆಯ ಕಡೆ ನಡೆದರು.

ಮರುದಿನ ಒಂಬತ್ತು ಮಕ್ಕಳು ಮುಖಕ್ಕೆ ಟವೆಲ್ ಸುತ್ತಿಕೊಂಡು ಪರೀಕ್ಷೆಗೆ ಹೋದರು. ಗಾಜಿಗೆ ಕಲ್ಲು ಬಿತ್ತೆಂದು ಅಪ್ಪ ಊರಿಗೆಲ್ಲ ಹೇಳಿದ. ಮೇಸ್ತ್ರಿಯ ಬೆರಳಿನ ತುದಿ ತೆಗೆದರೆಂದೂ, ಸುತ್ತಿಗೆ ಜಾರಿ ಹೀಗಾಯಿತೆಂದು ಅವರು ಆಸ್ಪತ್ರೆಯಲ್ಲಿ ಹೇಳಿದರೆಂದೂ ಯಾರಿಂದಲೋ ತಿಳಿಯಿತು. ಅಪ್ಪ ಮತ್ತೆಂದೂ ಅಲ್ಲಿಗೆ ಹೋಗಲಿಲ್ಲ. ಆ ಸುದ್ದಿ ನಮ್ಮ ಮನೆಯಲ್ಲಿ ಬರಲೂ ಇಲ್ಲ. ನಾನು ಪಿಯುಸಿ, ಡಿಗ್ರಿ, ಎಂ.ಎಸ್ಸಿ. ಮುಗಿಸಿದೆ. ಆಂಡರ್ಸನ್‌ಪೇಟೆಯ ಮೇಲೆ ಎಷ್ಟೋ ಸಲ ಹಾದುಹೋದೆ... ಇಳಿಯಲಿಲ್ಲ.

ಕಳೆದ ವಾರ ಮಾತ್ರ ವ್ಯಾನು ನಿಲ್ಲಿಸಿ ಎಂದೆ. "ಏನಾಗಲ್ಲ ಮೇಡಂ, ಕೂತ್ಕೊಳ್ಳಿ" ಎಂದ ಡ್ರೈವರ್. ಹಿಂದಿನವರು ಗೊಣಗಿದರು. ನಾನು ಕೂರಲಿಲ್ಲ. ಇಳಿದು ಬಾಟಲಿಯ ನೀರನ್ನು ಚಕ್ರದ ಮೇಲೆ ಸುರಿದೆ. ಚುರ್ ಎಂದು ಆವಿ ಎದ್ದಿತು. ಗೊಣಗುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಇಳಿದರು.

ಬೇರೆ ಬಸ್ಸು ಹಿಡಿದು ಆಂಡರ್ಸನ್‌ಪೇಟೆಯಲ್ಲಿ ಇಳಿದೆ. ಶೆಡ್ಡಿನ ತಗಡು ಬಾಗಿಲಿಗೆ ಬೀಗ. ಪಕ್ಕದ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದ ಹೆಂಗಸನ್ನು ಕೇಳಿದೆ.

"ಮೇಸ್ತ್ರೀನಾ? ತೀರ್ಕೊಂಡು ಎರಡು ವರ್ಷ ಆಯ್ತಲ್ಲಮ್ಮ. ಕೊನೆಕೊನೆಗೆ ಕೆಲಸಾನೇ ಇರಲಿಲ್ಲ ಪಾಪ. ಸುತ್ತಿಗೆ ಜಾರಿಸಿ ಸ್ವಂತ ಬೆರಳು ಜಜ್ಜಿಕೊಂಡೋನ ಕೈಗೆ ಗಾಡಿ ಯಾರು ಕೊಡ್ತಾರೆ ಅಂತ ಎಲ್ರೂ ಆಡ್ಕೋತಿದ್ರು. ರೋಷ ಬಂದು ಹೊಡೆಯೋಕೆ ಓಗೋನೇ ಹೊರ್ತು, ಇಲ್ಲ ಅಂತ ಒಂದ್ ಮಾತು ಆಡ್ತಿರಲಿಲ್ಲ."

"ಜಾರಲಿಲ್ಲ" ಎಂದೆ.

ಅವರು ನಲ್ಲಿ ನಿಲ್ಲಿಸಿದರು. "ಏನಮ್ಮ?"

"ಅವರ ಸುತ್ತಿಗೆ ಜಾರಲಿಲ್ಲ. ಬ್ರೇಕ್ ಒತ್ತಿದ್ದು ನಾನು."

ಆಕೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು. ಆಮೇಲೆ ಬೂದಿ ಮೆತ್ತಿದ ಕೈಯಿಂದ ಶೆಡ್ಡಿನ ಬೀಗ ತೋರಿಸುತ್ತ, "ಅವನಿರೋವಾಗ ಬರಬೇಕಿತ್ತು ತಾಯಿ" ಎಂದರು.