ಒಂದೇ ನಿಮಿಷ, ಅತ್ತೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹದಿನೇಳು ವರ್ಷ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿದರು. ಗಾಜು ಬರುವುದು ದುಂಡಗೆ; ಗಿರಾಕಿ ಆರಿಸುವ ಫ್ರೇಮು ದುಂಡಗಿರುವುದಿಲ್ಲ. ಗಾಜಿನ ಅಂಚನ್ನು ತಿರುಗುವ ಚಕ್ರಕ್ಕೆ ಹಿಡಿದು ಫ್ರೇಮಿಗೆ ಕೂರುವ ಹಾಗೆ ಉಜ್ಜುವುದು ಅವರ ಕೆಲಸ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಗಾಜು ಅಲ್ಲಾಡುತ್ತದೆ, ಕಡಿಮೆಯಾದರೆ ಕೂರುವುದೇ ಇಲ್ಲ. ಹದಿನೇಳು ವರ್ಷದಲ್ಲಿ ಅವರ ಕೈಯಲ್ಲಿ ಒಡೆದ ಗಾಜು ಹನ್ನೊಂದು. ಹನ್ನೊಂದೂ ಯಾರ ಕನ್ನಡಕದ್ದು ಎಂದು ಕೇಳಿದರೆ ಇವತ್ತಿಗೂ ಹೇಳುತ್ತಾರೆ. ನಾವು ಕೇಳುವುದಿಲ್ಲ.

ಆಮೇಲೆ ಮಾಲೀಕರು ಒಂದು ಯಂತ್ರ ತಂದರು. ಅದು ಭಾವನ ಅರ್ಧ ಗಂಟೆಯ ಕೆಲಸವನ್ನು ಮೂರು ನಿಮಿಷದಲ್ಲಿ ಮಾಡುತ್ತಿತ್ತು, ಮಧ್ಯೆ ಕಾಫಿ ಕೇಳುತ್ತಿರಲಿಲ್ಲ. ಭಾವನನ್ನು ಒಳಗಿನ ಕೋಣೆಯಿಂದ ತೆಗೆದು ಹೊರಗೆ ಕೌಂಟರಿನಲ್ಲಿ ನಿಲ್ಲಿಸಿದರು. ಗಿರಾಕಿ ಕನ್ನಡಿ ನೋಡಿಕೊಳ್ಳುವಾಗ "ನಿಮಗೆ ತುಂಬಾ ಒಪ್ಪತ್ತೆ" ಎನ್ನುವುದು ಹೊಸ ಕೆಲಸ. ಎರಡನೇ ವಾರ ಒಬ್ಬ ಹೆಂಗಸಿಗೆ ಭಾವ "ಒಪ್ಪಲ್ಲ" ಎಂದರು. ಅದು ನಿಜವೇ ಇರಬೇಕು, ಆದರೆ ಆಕೆ ಮಾಲೀಕರ ನಾದಿನಿ.

ಒಂದು ವರ್ಷ ರಜ ಎಂದು ಭಾವ, ಮಾಲೀಕರು ಇಬ್ಬರೂ ಮರ್ಯಾದೆಯಿಂದ ಒಪ್ಪಿಕೊಂಡರು. "ವರ್ಷದ ತನಕ ನಿಮ್ಮ ಜಾಗಕ್ಕೆ ಯಾರನ್ನೂ ತಗೊಳಲ್ಲ, ಆಮೇಲೆ ನನ್ನ ಕೇಳಬೇಡಿ" ಅಂದರಂತೆ ಮಾಲೀಕರು. ಮನೆಗೆ ಬಂದ ಭಾವ, ಇನ್ನು ಮುಂದೆ ಷೇರು ವ್ಯಾಪಾರ ಮಾಡುವುದಾಗಿ ಹೇಳಿದರು. ಬೆಳಿಗ್ಗೆ ಕೊಂಡು ಮಧ್ಯಾಹ್ನದೊಳಗೆ ಮಾರುವುದು. ಯಾರ ಮುಂದೆಯೂ ಒಪ್ಪತ್ತೆ ಅನ್ನಬೇಕಾಗಿಲ್ಲ.

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳು ಕೂಗಾಡಲಿಲ್ಲ. ಗಿರಾಕಿಗಳ ಅಳತೆ ಬರೆಯುವ ಪುಸ್ತಕ ತೆಗೆದು, ಹೊಸ ಪುಟದಲ್ಲಿ ಗಿರಾಕಿಯ ಹೆಸರಿನ ಜಾಗದಲ್ಲಿ "ಗಂಡ" ಎಂದು ಬರೆದಳು. ಕೆಳಗೆ ಷರತ್ತು: ವರ್ಷದ ಕೊನೆಯ ದಿನ, ಕಳೆದದ್ದೆಲ್ಲ ಕಳೆದು, ಅಂಗಡಿಯ ಆರು ತಿಂಗಳ ಸಂಬಳದಷ್ಟು ಲಾಭ ಉಳಿದಿರಬೇಕು. ಇಲ್ಲದಿದ್ದರೆ ಅವತ್ತೇ ಕೌಂಟರಿಗೆ ವಾಪಸ್. ಭಾವ ಸಹಿ ಹಾಕಿದರು.

ಅಮ್ಮ, ಅಕ್ಕ, ಭಾವ, ನಾನು ಎಲ್ಲ ಒಂದೇ ಮನೆಯಲ್ಲಿ. ನಾನು ಗ್ರಂಥಾಲಯದಲ್ಲಿ ಮಧ್ಯಾಹ್ನದ ಪಾಳಿಯವಳು. ಹಾಗಾಗಿ ಬೆಳಗಿನ ನಾಟಕವೆಲ್ಲ ನನ್ನ ಕಣ್ಣೆದುರೇ ನಡೆಯುತ್ತಿತ್ತು. ಭಾವ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟರು. ಫೋನಿನಲ್ಲಿ ಪಾಠ ಹೇಳುವ ಒಬ್ಬ ಗುರುವನ್ನು ಹಿಡಿದರು. ಆ ಗುರು ಯಾವಾಗಲೂ ಕಾರಿನೊಳಗೆ ಕೂತೇ ಮಾತಾಡುತ್ತಿದ್ದ. ಷೇರಿನಲ್ಲಿ ಅಷ್ಟು ದುಡ್ಡು ಬರುತ್ತಿದ್ದರೆ ಇವನಿಗೆ ಪಾಠ ಮಾರುವ ದರ್ದು ಏನಿತ್ತು ಎಂದು ನಾನು ಕೇಳಿದೆ. ಭಾವ ಹೆಡ್‌ಫೋನ್ ಹಾಕಿಕೊಂಡರು.

ಕಲಿಯಲಿಲ್ಲ ಎಂದು ಹೇಳಲಾರೆ. ಮೂರು ನೋಟುಬುಕ್ಕು ತುಂಬಿಸಿದರು. ಯಾವ ಷೇರು ಏರಬಹುದು ಎಂಬ ಅವರ ಅಂದಾಜು ಹತ್ತರಲ್ಲಿ ಆರು ಸಲ ಸರಿಯಾಗುತ್ತಿತ್ತು. ಆದರೂ ದುಡ್ಡು ಕರಗುತ್ತಲೇ ಇತ್ತು. ಕಾರಣ ನನಗೂ ಗೊತ್ತಾಯಿತು, ನಾನೇನು ಅದನ್ನು ಓದಿದವಳಲ್ಲ. ಷೇರು ಕೊಳ್ಳುವ ಮೊದಲೇ, ಇಷ್ಟಕ್ಕೆ ಇಳಿದರೆ ನಷ್ಟವಾದರೂ ಸರಿ, ಮಾರಿಬಿಡುತ್ತೇನೆ ಎಂದು ಒಂದು ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಆ ಧಂದೆಯಲ್ಲಿ ಕಲಿಯಬೇಕಾದದ್ದರಲ್ಲಿ ಮುಕ್ಕಾಲು ಪಾಲು ಅದೇ ಅಂತೆ. ಭಾವ ಚೆಂದದ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಕಂಪ್ಯೂಟರಿಗೇ ಹೇಳಿಟ್ಟರೆ ಅದೇ ಮಾರುತ್ತದೆ, ಅದನ್ನೂ ಮಾಡುತ್ತಿದ್ದರು. ಬೆಲೆ ಆ ಸಂಖ್ಯೆಯ ಹತ್ತಿರ ಬಂದಾಗ ಮಾತ್ರ, ಸಂಖ್ಯೆಯನ್ನು ಸ್ವಲ್ಪ ಕೆಳಕ್ಕೆ ಸರಿಸುತ್ತಿದ್ದರು. ಆಮೇಲೆ ಇನ್ನೂ ಸ್ವಲ್ಪ. ಲಾಭ ಬಂದರೆ ಐದು ನಿಮಿಷದಲ್ಲಿ ಮಾರಿ ಎದ್ದು ಓಡಾಡುವ ಮನುಷ್ಯ, ನಷ್ಟವನ್ನು ಮಾತ್ರ ಹೆತ್ತ ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ನಾಲ್ಕು ದಿನ ಗಳಿಸಿದ್ದು ಒಂದು ಬೆಳಿಗ್ಗೆ ಹೋಗುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಐದನೇ ತಿಂಗಳಲ್ಲಿ ಅಮ್ಮ ಈ ಕಥೆಯೊಳಗೆ ಬಂದಳು. ಅಮ್ಮ ಮೂವತ್ತಮೂರು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ನಿವೃತ್ತಿಯಾದ ಮೇಲೆ ಅವಳಿಗೆ ರೋಗಿಗಳು ಸಿಗುತ್ತಿರಲಿಲ್ಲ. ನಾವು ಕೆಮ್ಮಿದರೂ ಬಚ್ಚಲಿಗೆ ಹೋಗಿ ಕೆಮ್ಮುತ್ತಿದ್ದೆವು. ಆ ದಿನ ಬೆಳ್ಳುಳ್ಳಿ ಸುಲಿಯಲು ಮೇಜಿಗೆ ಬಂದವಳು, ಬೆವರುತ್ತ ಕೂತಿದ್ದ ಅಳಿಯನನ್ನು ಕಂಡು ಖುಷಿಯಾದಳು.

"ಕೈ ಕೊಡಿ ಇಲ್ಲಿ," ಎಂದು ನಾಡಿ ಹಿಡಿದು ಗೋಡೆಯ ಗಡಿಯಾರ ನೋಡಿದಳು. "ನೂರಾ ಹದಿನಾಲ್ಕು. ಏನಾಗಿದೆ?"

"ಏನಿಲ್ಲ ಅತ್ತೆ. ಈ ಬೆಲೆಗೆ ಇಳಿದ್ರೆ ಮಾರಬೇಕು ಅಂತಿದ್ದೆ."

"ಇಳಿದಿದ್ಯಾ?"

"ಇಳಿದಿದೆ. ಒಂದೇ ನಿಮಿಷ, ಅತ್ತೆ. ವಾಪಸ್ ಬರತ್ತೆ."

ಭಾವ ಬೇರೆ ಏನು ಹೇಳಿದ್ದರೂ ನಡೆಯುತ್ತಿತ್ತು. ಮೂವತ್ತಮೂರು ವರ್ಷ, ಸೂಜಿ ಹಿಡಿದು ನಿಂತಾಗಲೆಲ್ಲ, ಅಮ್ಮ ಕೇಳಿದ್ದು ಇದೇ ಮಾತನ್ನು. ಒಂದೇ ನಿಮಿಷ ಸಿಸ್ಟರ್. ಪೈಲ್ವಾನರೂ ಹೇಳಿದ್ದರು, ಒಬ್ಬ ಪೊಲೀಸ್ ಅಧಿಕಾರಿ ಅಳುತ್ತಲೇ ಹೇಳಿದ್ದರಂತೆ. ಅಮ್ಮ ಯಾರಿಗೂ ಆ ನಿಮಿಷ ಕೊಟ್ಟವಳಲ್ಲ.

"ಮಾರೋಕೆ ಯಾವುದನ್ನ ಒತ್ತಬೇಕು?" ಎಂದಳು.

ಭಾವ ಪಾಪ, ಕೇಳಿದ್ದಕ್ಕೆ ತೋರಿಸಿದರು. ಅಮ್ಮ ಬೆಳ್ಳುಳ್ಳಿಯ ಬೆರಳಿನಲ್ಲೇ ಒತ್ತಿದಳು. "ಆಯ್ತು ನೋಡಿ. ಇರುವೆ ಕಚ್ಚಿದ ಹಾಗಾಯ್ತು ಅಷ್ಟೇ," ಎಂದು ಸುಲಿಯಲು ಕೂತಳು.

ಭಾವ ಅರ್ಧ ಗಂಟೆ ಪರದೆಯನ್ನೇ ನೋಡುತ್ತ ಕೂತರು. ಅಷ್ಟರಲ್ಲಿ ಷೇರು ಇನ್ನೂ ಪಾತಾಳಕ್ಕೆ ಹೋಗಿತ್ತು. ಮಾರನೇ ದಿನ ಬೆಳಿಗ್ಗೆ ಮೇಜಿನ ಹತ್ತಿರ ಎರಡನೇ ಕುರ್ಚಿ ಬಂತು.

ಹೀಗೆ ಶುರುವಾಯಿತು. ಭಾವ ಚೀಟಿಯಲ್ಲಿ ಸಂಖ್ಯೆ ಬರೆದು ಅತ್ತೆಯ ಕೈಗೆ ಕೊಡುವುದು. ಕೊಟ್ಟ ಮೇಲೆ ತಿದ್ದುವ ಹಾಗಿಲ್ಲ. ಬೆಲೆ ಅಲ್ಲಿಗೆ ಮುಟ್ಟಿದ ಕ್ಷಣ ಅಮ್ಮ ಒತ್ತುವುದು. ಭಾವ ಅಂಗಲಾಚಿದ್ದುಂಟು, ಒಂದು ದಿನ ಗುಂಡಿಯ ಮೇಲೆ ಅಂಗೈ ಅಡ್ಡ ಇಟ್ಟದ್ದೂ ಉಂಟು. ಅಮ್ಮ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಒತ್ತಿದಳು. ಅದಕ್ಕೂ ಅವಳಿಗೆ ತರಬೇತಿ ಇತ್ತು. ಆರನೇ ತಿಂಗಳು ಲೆಕ್ಕ ಸಮವಾಯಿತು. ಏಳರಿಂದ ಲಾಭ. ಹತ್ತನೇ ತಿಂಗಳ ಹೊತ್ತಿಗೆ ಷರತ್ತಿನ ಮೊತ್ತ ಕೈಗೆಟುಕುವಷ್ಟು ಹತ್ತಿರ ಬಂತು. ಅಕ್ಕನ ಮೆಷಿನ್ ಹೊಲಿಯುತ್ತಲೇ ಇತ್ತು, ಆದರೆ ಹನ್ನೊಂದು ಗಂಟೆಯ ಸುಮಾರಿಗೆ ಅದರ ಸದ್ದು ನಿಂತು, ಅವಳು ಇತ್ತ ಕಿವಿಗೊಡುವುದು ನನಗೆ ತಿಳಿಯುತ್ತಿತ್ತು. ಅಮ್ಮ ಹತ್ತು ವರ್ಷ ಚಿಕ್ಕವಳಾಗಿದ್ದಳು. ಬೆಳಿಗ್ಗೆ ಒಂಬತ್ತಕ್ಕೇ ತಲೆ ಬಾಚಿ, ಡ್ಯೂಟಿಗೆ ಹೊರಟವಳ ಹಾಗೆ ಮಡಿಕೆ ಕೆಡದ ಸೀರೆಯುಟ್ಟು ಕೂರುತ್ತಿದ್ದಳು.

ಪಕ್ಕದ ಮನೆಯ ಲೈನ್‌ಮ್ಯಾನ್ ಗುಟ್ಟೇನು ಎಂದು ಕೇಳಿದಾಗ ಭಾವ, "ಎಲ್ಲಾ ಶಿಸ್ತು ಸ್ವಾಮಿ" ಎಂದರು.

"ಶಿಸ್ತು ಪಕ್ಕದ ಕುರ್ಚಿಯಲ್ಲಿ ಕೂತಿರತ್ತೆ," ಎಂದೆ ನಾನು. ಅವರು ನಕ್ಕರು, ಆದರೆ ಆ ಮಾತು ಅವರಿಗೆ ನಾಟಿತು. ಆವತ್ತು ಹೇಳಬಾರದಿತ್ತು ಎಂದು ಈಗ ಅನಿಸುತ್ತದೆ.

ವರ್ಷದ ಕೊನೆಯ ದಿನ ನಾನು ರಜೆ ಹಾಕಿದ್ದೆ. ಅರ್ಜಿಯಲ್ಲಿ ಕಾರಣ "ಸ್ವಂತ ಕೆಲಸ". ಷರತ್ತಿನ ಮೊತ್ತಕ್ಕೆ ಇನ್ನು ಸ್ವಲ್ಪವೇ ಕಡಿಮೆ, ಒಂದು ಒಳ್ಳೆಯ ಬೆಳಿಗ್ಗೆ ಸಾಕಿತ್ತು. ಭಾವ ಬಹಳ ಹೊತ್ತು ಕಾದು ಒಂದು ಷೇರು ಕೊಂಡರು, ಚೀಟಿ ಬರೆದರು, ಅತ್ತೆಗೆ ಕೊಟ್ಟರು. ಅದು ಏರಿತು. ಅಕ್ಕನ ಮೆಷಿನ್ ನಿಂತಿತು. ಇನ್ನೊಂದು ಚೂರು ಏರಿದ್ದರೆ ಸಾಕಿತ್ತು, ಅಲ್ಲಿಂದ ತಿರುಗಿ ಇಳಿಯತೊಡಗಿತು. ಇಳಿದು ಇಳಿದು ಚೀಟಿಯಲ್ಲಿದ್ದ ಸಂಖ್ಯೆಯನ್ನು ಮುಟ್ಟಿತು.

ಅಮ್ಮನ ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ.

"ಅತ್ತೆ," ಎಂದರು ಭಾವ.

"ಒಂದೇ ನಿಮಿಷ ಇರಿ," ಎಂದಳು ನನ್ನ ಅಮ್ಮ. "ವಾಪಸ್ ಬರಬಹುದು."

ಅವಳಿಗೆ ಆ ಕುರ್ಚಿ ಬೇಕಿತ್ತು. ನಾಳೆ ಬೆಳಿಗ್ಗೆ ತಲೆ ಬಾಚಿಕೊಂಡು ಕೂರಲು ಒಂದು ಜಾಗ ಬೇಕಿತ್ತು. ನಾನೂ ಮನಸ್ಸಿನಲ್ಲೇ, ಒಂದೇ ನಿಮಿಷ, ಎನ್ನುತ್ತಿದ್ದೆ.

ಭಾವ ಅವಳ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ತಾವೇ ಒತ್ತಿದರು. ಆಮೇಲೆ ಕಂಪ್ಯೂಟರ್ ಆರಿಸಿ ಮುಚ್ಚಿದರು.

ಅಕ್ಕ ಅಳತೆ ಪುಸ್ತಕ ತಂದು ಕೂಡಿ ಕಳೆದಳು. ಎರಡು ಸಲ ಮಾಡಿದಳು. ಆರು ತಿಂಗಳ ಸಂಬಳಕ್ಕೆ ಎರಡು ಮಾಮೂಲಿ ಫ್ರೇಮಿನ ಬೆಲೆಯಷ್ಟು ಕಡಿಮೆ. ಅವಳು ಪುಸ್ತಕವನ್ನು ಮುಚ್ಚಿ, ತೆರೆದು, ಮತ್ತೆ ಮುಚ್ಚಿದಳು. ಮದುವೆಯಾದಾಗಿನಿಂದ ಅಳತೆಯಲ್ಲಿ ಅರ್ಧ ಇಂಚು ರಿಯಾಯಿತಿ ಕೊಡದ ನನ್ನ ಅಕ್ಕ, "ರೀ, ಇಷ್ಟಕ್ಕೆಲ್ಲಾ ಏನು ಮಹಾ! ಇನ್ನೊಂದು ತಿಂಗಳು ನೋಡೋಣ. ನಾನೇ ಮಾಲೀಕರ ಹತ್ರ ಮಾತಾಡ್ತೀನಿ," ಎಂದಳು.

"ಹೌದು, ಒಂದೇ ತಿಂಗಳು," ಎಂದಳು ಅಮ್ಮ.

"ಪುಟ್ಟ ಮೊತ್ತ ಭಾವ," ಎಂದೆ ನಾನು. ನಾನೂ ಎಂದೆ.

ಭಾವ ನಮ್ಮ ಮೂವರನ್ನೂ ನೋಡಿದರು. ಕೋಪವೇನೂ ಇರಲಿಲ್ಲ. "ಸಂಖ್ಯೆ ಮೊದಲೇ ಬರೆದಿದ್ವಲ್ಲ," ಎಂದರು. ಎದ್ದು ಅಂಗಡಿಗೆ ಹಾಕುತ್ತಿದ್ದ ನೀಲಿ ಅಂಗಿ ಹುಡುಕಿದರು. ಅಕ್ಕ ಅದಕ್ಕೆ ಸಡಿಲವಾಗಿದ್ದ ಗುಂಡಿ ಹೊಲಿದುಕೊಟ್ಟಳು. ಹೊಲಿಯುವಾಗ ಅವಳು ತಲೆ ಎತ್ತಲಿಲ್ಲ. ಅವರು ಬಾಗಿಲಲ್ಲಿ ಕೂತು ಶೂ ಕಟ್ಟಿಕೊಳ್ಳುವಾಗ ಅಮ್ಮ ಬಂದು ಎದುರು ನಿಂತಳು.

"ಕೈ ಕೊಡಿ ಇಲ್ಲಿ."

ಭಾವ ಕೊಟ್ಟರು. ಅಮ್ಮ ಗೋಡೆಯ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಹಿಡಿದುಕೊಂಡಳು. ಅವಳು ಯಾರಿಗಾದರೂ ಕೊಟ್ಟ ಮೊದಲ ನಿಮಿಷ ಅದೇ ಇರಬೇಕು.

"ಎಪ್ಪತ್ತೆರಡು," ಎಂದು ಕೈ ಬಿಟ್ಟಳು. "ವಾಸಿಯಾಗಿದೆ."

ಅವರು ಮೆಟ್ಟಿಲಿಳಿದು ಹೋದರು. ಆ ಮನುಷ್ಯ ಕಲಿತುಬಿಟ್ಟಿದ್ದರು, ಕಲಿತ ಮೊದಲ ದಿನವೇ ಕೌಂಟರಿನಲ್ಲಿ ನಿಲ್ಲಲು ಹೊರಟಿದ್ದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಆ ಷೇರು ಆಮೇಲೆ ವಾಪಸ್ ಬಂತೋ ಇಲ್ಲವೋ, ನಾವು ಯಾರೂ ತೆರೆದು ನೋಡಲಿಲ್ಲ.